ರಾಜಕಾಲುವೆಗೆ ಕೊಳಚೆ ಸೇರುತ್ತಿದ್ದರೆ ಕಾನೂನಿನ ದಾರಿ ಹಿಡಿಯುವುದು ಹೇಗೆ

ಒಂದು ವಾರದಿಂದ ಹನಿ ಮಳೆ ಇಲ್ಲ. ಆದರೂ ಮನೆ ಹಿಂದಿನ ರಾಜಕಾಲುವೆಯಲ್ಲಿ ನೀರು ಹರಿಯುತ್ತಲೇ ಇದೆ. ಹಾಗಾದರೆ ಅದು ಮಳೆನೀರಲ್ಲ, ಅಲ್ವಾ?

ದೂರು ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದಲೇ. ನಾನು ಮೊದಮೊದಲು ಬರೆದ ಅರ್ಜಿಗಳಲ್ಲಿ "ತುಂಬಾ ವಾಸನೆ, ಸೊಳ್ಳೆ ಕಾಟ, ದಯವಿಟ್ಟು ಕ್ರಮ ಕೈಗೊಳ್ಳಿ" ಅಂತ ಮಾತ್ರ ಇರುತ್ತಿತ್ತು. ಪ್ರತಿ ಸಲವೂ ಯಾರೋ ಬಂದು ಬ್ಲೀಚಿಂಗ್ ಪೌಡರ್ ಎರಚಿ ಹೋಗುತ್ತಿದ್ದರು, ದೂರು ಇತ್ಯರ್ಥವಾಗಿದೆ ಅಂತ ಮೊಬೈಲಿಗೆ ಮೆಸೇಜು ಬರುತ್ತಿತ್ತು, ಮರುದಿನ ಅದೇ ವಾಸನೆ. ವಾಸನೆಯ ಮೇಲೆ ಯಾರೂ ಕೇಸು ಹಾಕಲಾರರು. ಪೈಪಿನ ಮೇಲೆ ಹಾಕಬಹುದು. ಎಲ್ಲಿಯ ಪೈಪು, ಯಾರದು, ಯಾವ ದಿನ ಎಷ್ಟು ಗಂಟೆಗೆ ಏನು ಬಿಟ್ಟರು ಎಂಬುದು ಕಾಗದದ ಮೇಲೆ ಬಂದ ದಿನದಿಂದ ನಮ್ಮ ಮಾತಿಗೆ ಬೆಲೆ ಬಂತು. ಇಲ್ಲಿ ಬರೆಯುತ್ತಿರುವುದು ಆ ಕಾಗದಗಳನ್ನು ಹೇಗೆ ಒಟ್ಟುಮಾಡಬೇಕು, ಯಾರಿಗೆ ಕೊಡಬೇಕು ಎಂಬುದರ ಬಗ್ಗೆ. ಉದಾಹರಣೆ ಬೆಂಗಳೂರಿನದು ಜಾಸ್ತಿ ಇರುತ್ತದೆ, ಆದರೆ ಕರ್ನಾಟಕದ ಯಾವ ಊರಿನವರಿಗಾದರೂ ದಾರಿ ಹೆಚ್ಚು ಕಡಿಮೆ ಇದೇ.

ಮೊದಲು ಕಾಲುವೆ ಪಕ್ಕ ನಡೆಯಿರಿ

ರಾಜಕಾಲುವೆ ಇರುವುದು ಮಳೆನೀರಿಗೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರನ್ನು ಕೆಳಗಿನ ಕೆರೆಗೆ ಒಯ್ಯುವ ದಾರಿ ಅದು. ಬೇಸಿಗೆಯಲ್ಲಿ ಅದು ಒಣಗಿರಬೇಕು. ಒಣಗಿಲ್ಲ ಎಂದರೆ ಮೂರರಲ್ಲಿ ಒಂದು ನಡೆಯುತ್ತಿದೆ: ಕೊಳಚೆ ಸೇರುತ್ತಿದೆ, ಇಲ್ಲವೇ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಹೊರಬಂದ ನೀರು ಬರುತ್ತಿದೆ, ಇಲ್ಲವೇ ಯಾವುದೋ ಕಟ್ಟಡದ ಬೇಸ್‌ಮೆಂಟಿನ ಒಸರು ನೀರನ್ನು ಪಂಪು ಹಾಕಿ ಬಿಡುತ್ತಿದ್ದಾರೆ. ಕೊನೆಯದು ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ. ಅದನ್ನು ಕೊಳಚೆ ಅಂತ ಬರೆದರೆ ನಿಮ್ಮ ಉಳಿದ ಮಾತನ್ನೂ ನಂಬುವುದಿಲ್ಲ, ಹಾಗಾಗಿ ಮೊದಲೇ ಬೇರ್ಪಡಿಸಿಕೊಳ್ಳಿ.

ಮನೆಗಳ ಕೊಳಚೆಗೆ ಒಂದು ಲಯ ಇದೆ. ಬೆಳಿಗ್ಗೆ 6ರಿಂದ 9ರವರೆಗೆ ಹರಿವು ಏರುತ್ತದೆ, ಸೋಪಿನ ನೊರೆ ಬರುತ್ತದೆ, ನೀರು ಬೂದು ಬಣ್ಣಕ್ಕೆ ತಿರುಗುತ್ತದೆ. ಮಧ್ಯಾಹ್ನ ಇಳಿಯುತ್ತದೆ. ಸಂಜೆ ಮತ್ತೆ ಏರುತ್ತದೆ. ಕಾರ್ಖಾನೆಯದಾದರೆ ಈ ಲಯ ಇರುವುದಿಲ್ಲ. ರಾತ್ರಿ ಒಂದು ಗಂಟೆಗೆ ಇದ್ದಕ್ಕಿದ್ದಂತೆ ಬಣ್ಣ ಬದಲಾಗಬಹುದು, ನೀರು ಮುಟ್ಟಿದರೆ ಬೆಚ್ಚಗಿರಬಹುದು (ಮುಟ್ಟಬೇಡಿ, ಚಳಿಗಾಲದಲ್ಲಿ ಪೈಪಿನ ಬಾಯಿಂದ ಹಬೆ ಏಳುವುದೇ ಗೊತ್ತಾಗುತ್ತದೆ). ಶೌಚಗುಂಡಿ ಖಾಲಿ ಮಾಡುವ ಟ್ಯಾಂಕರಿನವರು ರಾತ್ರಿ ಬಂದು ಸುರಿದು ಹೋಗುವುದೂ ಉಂಟು. ಅಲ್ಲಿ ನಿಮಗೆ ಬೇಕಾದದ್ದು ಗಾಡಿಯ ನಂಬರು.

ನಮ್ಮಲ್ಲಿ ನಾಲ್ಕು ಜನ ಸೇರಿ ಒಂದು ಭಾನುವಾರ ಬೆಳಿಗ್ಗೆ ಕಾಲುವೆಯ ದಂಡೆ ಹಿಡಿದು ಮೇಲ್ಮುಖವಾಗಿ ಹೋದೆವು. ಒಂದೂವರೆ ಕಿಲೋಮೀಟರಿನಲ್ಲಿ ಕಾಲುವೆಗೆ ನೀರು ಬೀಳುವ ಹನ್ನೊಂದು ಬಾಯಿ ಸಿಕ್ಕವು. ಏಳು ಬಾಯಿ ಒಣಗಿ ಜೇಡ ಬಲೆ ಕಟ್ಟಿತ್ತು. ಅವು ನಿಜವಾದ ಮಳೆನೀರಿನ ಬಾಯಿಗಳು. ಉಳಿದ ನಾಲ್ಕರ ಕೆಳಗೆ ಗೋಡೆಯ ಮೇಲೆ ಕಪ್ಪು ಪಾಚಿಯ ಪಟ್ಟೆ, ಅದರ ಮೇಲೆ ಬೂದು ಬಣ್ಣದ ಲೋಳೆ. ಒಂದು ಕಡೆಯಂತೂ ಪೈಪೇ ಇರಲಿಲ್ಲ. ಕಾಲುವೆಗೆ ಅಂಟಿಕೊಂಡಿದ್ದ ಮ್ಯಾನ್‌ಹೋಲಿನ ಪಕ್ಕದ ಗೋಡೆಯನ್ನೇ ಇಟ್ಟಿಗೆ ಮೂರರಷ್ಟು ಅಗಲ ಒಡೆದಿದ್ದರು. ಒಳಗಿನ ಯುಜಿಡಿ (ನೆಲದಡಿಯ ಒಳಚರಂಡಿ) ಲೈನು ಕಟ್ಟಿಕೊಂಡಾಗ ರಸ್ತೆಗೆ ಉಕ್ಕದಿರಲಿ ಅಂತ ಯಾರೋ ಮಾಡಿದ ಕೆಲಸ. ಆ ತೂತಿನ ಒಂದು ಫೋಟೋ ನಮಗೆ ಎರಡು ವರ್ಷದ ಅರ್ಜಿಗಳಿಗಿಂತ ಜಾಸ್ತಿ ಕೆಲಸ ಮಾಡಿಕೊಟ್ಟಿತು.

ನಡೆಯುವಾಗ ಒಬ್ಬರೇ ಹೋಗಬೇಡಿ, ಕಾಲುವೆಯೊಳಗೆ ಇಳಿಯಬೇಡಿ. ಮುಚ್ಚಿದ ಭಾಗದಲ್ಲಿ ವಿಷಗಾಳಿ ಕಟ್ಟಿಕೊಂಡಿರುತ್ತದೆ, ಒಂದು ಉಸಿರಿಗೇ ಪ್ರಜ್ಞೆ ತಪ್ಪಬಹುದು. ಯಾರದೇ ಕಾಂಪೌಂಡಿನ ಒಳಗೂ ಹೋಗಬೇಡಿ. ದಂಡೆಯಿಂದ, ಸೇತುವೆಯಿಂದ ಕಾಣುವುದಷ್ಟೇ ಸಾಕು.

ಫೋಟೋ ತೆಗೆಯುವಾಗ ಮೊಬೈಲಿನಲ್ಲಿ ಲೊಕೇಶನ್ ಆನ್ ಇರಲಿ. ದೂರದಿಂದ ಒಂದು, ಹತ್ತಿರದಿಂದ ಒಂದು, ಗುರುತು ಸಿಗುವ ಕಂಬವೋ ಗೇಟೋ ಬರುವಂತೆ ಒಂದು. ಮೂವತ್ತು ಸೆಕೆಂಡಿನ ವಿಡಿಯೋ ಒಂದು. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ದಿನಾಂಕ, ಜಾಗದ ವಿವರ ಅಳಿಸಿ ಹೋಗುತ್ತದೆ, ಆದ್ದರಿಂದ ಮೂಲ ಫೈಲು ತೆಗೆದವರ ಮೊಬೈಲಿನಲ್ಲೇ ಉಳಿಯಬೇಕು. ಮುಂದೆ ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಡಿಜಿಟಲ್ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕಾಗುತ್ತದೆ (ಹಿಂದೆ ಇದೇ 65ಬಿ ಅಂತ ಕರೆಯುತ್ತಿದ್ದದ್ದು). ಯಾರು ತೆಗೆದರು, ಯಾವ ಮೊಬೈಲಿನಲ್ಲಿ ಎಂದು ಅವತ್ತೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೊನೇ ಮಳೆ ಯಾವತ್ತು ಬಂತು ಅನ್ನುವುದನ್ನೂ ಬರೆಯಿರಿ. ಇದನ್ನು ಯಾರೂ ಬರೆಯುವುದಿಲ್ಲ, ಆದರೆ ಇಡೀ ದೂರು ನಿಂತಿರುವುದು ಅದರ ಮೇಲೆ.

ಇನ್ನೊಂದು ಕೆಲಸ ಮನೆಯಲ್ಲೇ ಕೂತು ಮಾಡಬಹುದು. ಸರ್ಕಾರದ ದಿಶಾಂಕ್ ಆ್ಯಪ್ ತೆರೆದು ಆ ಜಾಗದ ಸರ್ವೆ ನಂಬರು ನೋಡಿ. ಹಳೆಯ ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆ ಎಲ್ಲಿ ಹಾದಿದೆ ಅನ್ನುವುದು ಅದರಲ್ಲಿ ಕಾಣುತ್ತದೆ. "ಇಲ್ಲಿ ಕಾಲುವೆಯೇ ಇಲ್ಲ, ಇದು ಬರೀ ಮೋರಿ" ಅಂತ ಯಾರಾದರೂ ಅಂದರೆ ತೋರಿಸಲು ಬೇಕಾಗುತ್ತದೆ.

ಕಾನೂನಿನಲ್ಲಿ ನಿಮಗೆ ಬೇಕಾದ ಸಾಲುಗಳು

ಮುಖ್ಯವಾದದ್ದು 1974ರ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆ. ಅದರ 24ನೇ ಕಲಮು ಹೊಲಸನ್ನು ತೊರೆಗೆ, ಬಾವಿಗೆ, ಒಳಚರಂಡಿಗೆ, ನೆಲಕ್ಕೆ ಗೊತ್ತಿದ್ದೂ ಬಿಡುವುದನ್ನು ತಡೆಯುತ್ತದೆ. ತಾನೇ ಬಿಡುವುದು ಮಾತ್ರವಲ್ಲ, ಬಿಡಲು ಬಿಡುವುದೂ ತಪ್ಪು. ಇನ್ನು "ತೊರೆ" ಎಂದರೆ ನದಿ ಒಂದೇ ಅಲ್ಲ. ಹರಿಯುವ ಅಥವಾ ಸದ್ಯಕ್ಕೆ ಒಣಗಿರುವ ನೀರಿನ ದಾರಿ, ಸಹಜವಾದದ್ದಾಗಲಿ ಜನ ಮಾಡಿದ್ದಾಗಲಿ ಒಳನಾಡಿನ ನೀರು, ನೆಲದೊಳಗಿನ ನೀರು, ಎಲ್ಲವೂ ಆ ವ್ಯಾಖ್ಯೆಯೊಳಗೆ ಬರುತ್ತವೆ. ಒಣಗಿದ ರಾಜಕಾಲುವೆಗೂ ಇದು ಅನ್ವಯಿಸುತ್ತದೆ ಎಂದು ವಾದಿಸಲು ಈ ಒಂದು ಸಾಲು ಸಾಕು. ಕೊಳಚೆ ಎಂಬುದರ ವ್ಯಾಖ್ಯೆಯಲ್ಲಿ ತೆರೆದ ಚರಂಡಿಯ ಬಚ್ಚಲು ನೀರೂ ಸೇರಿದೆ. ಅಂದರೆ ಪಾಲಿಕೆಯ ಚರಂಡಿಯೇ ಕೆರೆಗೆ ಹೊಲಸು ತಂದು ಹಾಕುತ್ತಿದ್ದರೆ ಪಾಲಿಕೆಯೂ ಉತ್ತರ ಕೊಡಬೇಕು.

25ನೇ ಕಲಮು ಸಮ್ಮತಿ ಪತ್ರದ್ದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ (ಮುಂದೆ ಬರೀ ಮಂಡಳಿ ಎಂದರೆ ಇದೇ) ಸಮ್ಮತಿ ಇಲ್ಲದೆ ಹೊಸ ಬಾಯಿ ತೆರೆದು ಕೊಳಚೆಯನ್ನಾಗಲಿ ಕಾರ್ಖಾನೆ ನೀರನ್ನಾಗಲಿ ಬಿಡುವಂತಿಲ್ಲ. ದೊಡ್ಡ ಅಪಾರ್ಟ್‌ಮೆಂಟುಗಳಿಗೂ, ಕಾರ್ಖಾನೆಗಳಿಗೂ ಸಿಎಫ್‌ಒ (ನಡೆಸಲು ಸಮ್ಮತಿ) ಅಂತ ಕೊಡುತ್ತಾರಲ್ಲ, ಅದು ಇದೇ. ಆ ಪತ್ರದಲ್ಲಿ ಷರತ್ತುಗಳಿರುತ್ತವೆ: ದಿನಕ್ಕೆ ಇಷ್ಟೇ ನೀರು, ಇಂಥ ಗುಣಮಟ್ಟ, ಇಂಥ ಕಡೆಗೆ ಬಳಕೆ. ನೆನಪಿಡಿ, ಷರತ್ತುಗಳ ಈ ರಿಜಿಸ್ಟರನ್ನು ಅದರಿಂದ ತೊಂದರೆಗೊಳಗಾದ ಯಾರು ಬೇಕಾದರೂ ಕಚೇರಿ ಸಮಯದಲ್ಲಿ ನೋಡಬಹುದು ಎಂದು ಕಾಯ್ದೆಯೇ ಹೇಳುತ್ತದೆ, 25ನೇ ಕಲಮಿನ 6ನೇ ಉಪಕಲಮು. ಕೇಳಲು ಹಿಂಜರಿಯಬೇಡಿ, ಅದು ನಿಮ್ಮ ಹಕ್ಕು.

33ಎ ಕಲಮು ಮಂಡಳಿಯ ಕೈಯಲ್ಲಿರುವ ಹತ್ಯಾರು. ಘಟಕ ಮುಚ್ಚಿಸಬಹುದು, ಕರೆಂಟು ಕಡಿತ ಮಾಡಿಸಬಹುದು, ನೀರು ನಿಲ್ಲಿಸಬಹುದು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ದೆಹಲಿಯ ಮಾಲಿನ್ಯ ನಿಯಂತ್ರಣ ಸಮಿತಿಯ ಪ್ರಕರಣದಲ್ಲಿ, ಇದೇ ಕಲಮಿನಡಿ ಮಂಡಳಿಗಳು ಪರಿಸರ ಪರಿಹಾರದ ಹಣವನ್ನೂ ವಸೂಲು ಮಾಡಬಹುದು ಎಂದಿತು. ಅದಕ್ಕೆ ಮೊದಲು ನಿಯಮ ರೂಪಿಸಿ, ಎದುರಿನವರ ಮಾತು ಕೇಳುವ ವಿಧಾನ ಇಡಬೇಕು ಎಂಬ ಷರತ್ತಿನೊಂದಿಗೆ. ಹಾಗಾಗಿ ದೂರಿನ ಕೊನೆಯಲ್ಲಿ "33ಎ ಅಡಿ ನಿರ್ದೇಶನ ಕೊಡಿ, ಹಾಳಾದದ್ದನ್ನು ಸರಿಪಡಿಸುವ ವೆಚ್ಚ ವಸೂಲು ಮಾಡಿ" ಎಂದು ಸ್ಪಷ್ಟವಾಗಿ ಕೇಳಿ.

ಮತ್ತೆರಡು ತೀರ್ಪುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ಮಧ್ಯಪ್ರದೇಶದ ರತ್ಲಾಂ ಪುರಸಭೆಯ 1980ರ ಪ್ರಕರಣ: ಚರಂಡಿ ಸರಿ ಮಾಡಲು ದುಡ್ಡಿಲ್ಲ ಎಂದು ಪುರಸಭೆ ತಪ್ಪಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. "ಫಂಡ್ ಬಂದಿಲ್ಲ ಸಾರ್" ಎಂಬ ಉತ್ತರ ಬಂದಾಗ ಇದನ್ನು ಬರೆಯಿರಿ. ಇನ್ನೊಂದು 2017ರ ಫೆಬ್ರವರಿಯದು, ಪರ್ಯಾವರಣ್ ಸುರಕ್ಷಾ ಸಮಿತಿ ಪ್ರಕರಣ: ಸಂಸ್ಕರಣಾ ಘಟಕ ಕೆಲಸ ಮಾಡದ ಕಾರ್ಖಾನೆ ನಡೆಯುವಂತಿಲ್ಲ, ಊರಿನ ಕೊಳಚೆಗೆ ಸ್ಥಳೀಯ ಸಂಸ್ಥೆಗಳು ಘಟಕ ಕಟ್ಟಲೇಬೇಕು.

ಒಂದು ತಪ್ಪು ಮಾತ್ರ ಬಹಳ ಜನ ಮಾಡುತ್ತಾರೆ. ಬೆಂಗಳೂರಿನಲ್ಲಿ ಕೆರೆ ಸುತ್ತ 75 ಮೀಟರ್ ಬಫರ್ (ಕಟ್ಟಡ ಕಟ್ಟಬಾರದ ಜಾಗ) ಇರಬೇಕು ಅಂತ ದೂರಿನಲ್ಲಿ ಬರೆಯುತ್ತಾರೆ. ಅದು 2016ರ ಮೇ ತಿಂಗಳ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಆದೇಶ. ಅದರ ಆ ಭಾಗವನ್ನು 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿ, 2015ರ ಮಾಸ್ಟರ್ ಪ್ಲಾನಿನ ಅಳತೆಗೇ ಮರಳಿಸಿತು: ಕೆರೆಗೆ 30 ಮೀಟರ್, ರಾಜಕಾಲುವೆಗೆ ಅದರ ದರ್ಜೆ ನೋಡಿ 50, 25, 15 ಮೀಟರ್. ಬಫರ್ ಅಳತೆ ರಾಜಕೀಯವಾಗಿ ಎಳೆದಾಡುವ ವಿಷಯ, ಆದ್ದರಿಂದ ದೂರು ಕೊಡುವ ದಿನಕ್ಕೆ ಜಾರಿಯಲ್ಲಿರುವ ಅಳತೆಯನ್ನು ಯೋಜನಾ ಪ್ರಾಧಿಕಾರದಲ್ಲಿ ಕೇಳಿಯೇ ಬರೆಯಿರಿ. ಒಂದು ಅಂಕಿ ತಪ್ಪಿದರೆ ಎದುರಿನ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ.

ಯಾರಿಗೆ ಬರೆಯಬೇಕು

ಬೆಂಗಳೂರಿನಲ್ಲಿ ಕಾಲುವೆಯ ಕಲ್ಲು, ಗೋಡೆ, ಹೂಳು ಪಾಲಿಕೆಯದು. ಅದರೊಳಗೆ ಬರಬಾರದಿದ್ದ ಕೊಳಚೆಯ ಪೈಪು, ಮ್ಯಾನ್‌ಹೋಲು ಜಲಮಂಡಳಿಯದು. ನೀರಿನ ಗುಣಮಟ್ಟ, ಸಮ್ಮತಿ ಪತ್ರ, ಕ್ರಮ ಇವೆಲ್ಲ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯದು. ಒತ್ತುವರಿ ಆಗಿದ್ದರೆ ತಹಶೀಲ್ದಾರರು. ಬೇರೆ ಊರುಗಳಲ್ಲಿ ಮೊದಲ ಎರಡೂ ಸಾಮಾನ್ಯವಾಗಿ ನಗರಸಭೆ ಅಥವಾ ಪುರಸಭೆಯ ಕೈಯಲ್ಲೇ ಇರುತ್ತವೆ.

ನಾನು ಮೊದಲು ಒಂದು ಕಚೇರಿಗೆ ಹೋದೆ. "ನೀರು ನಮ್ಮದಲ್ಲ, ಕಾಲುವೆ ಮಾತ್ರ ನಮ್ಮದು" ಅಂದರು. ಇನ್ನೊಂದಕ್ಕೆ ಹೋದೆ. "ಪೈಪು ನಮ್ಮದೇ, ಆದರೆ ಕಾಲುವೆ ಗೋಡೆ ಮುಟ್ಟಲು ಅವರ ಅನುಮತಿ ಬೇಕು" ಅಂದರು. ಹೀಗೆ ಐದು ತಿಂಗಳು ಹೋಯಿತು. ಇದಕ್ಕೆ ಮದ್ದು ಒಂದೇ: ಒಂದೇ ಪತ್ರ, ಎಲ್ಲರ ಹೆಸರೂ ಮೇಲೆಯೇ. ಪ್ರತಿಯೊಬ್ಬರಿಗೂ ಕಳಿಸಿದ್ದೇವೆ ಎಂಬುದು ಪ್ರತಿಯೊಬ್ಬರಿಗೂ ಕಾಣಬೇಕು. ಪಾಲಿಕೆ, ಜಲಮಂಡಳಿ ಇಬ್ಬರೂ ಸೇರಿ ಜಂಟಿ ಪರಿಶೀಲನೆ ಮಾಡಿ, ನಾವೂ ಬರುತ್ತೇವೆ ಎಂದು ಕೇಳಿ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ. ಹಾಗಾಗಿ ನಿಮ್ಮ ಜಾಗ ಯಾವ ಪಾಲಿಕೆಗೆ ಬರುತ್ತದೆ ಎಂದು ನೋಡಿ ಅದರ ಆಯುಕ್ತರಿಗೆ ಬರೆಯಿರಿ. ಹಳೆಯ ದೂರಿನ ನಂಬರು ಇದ್ದರೆ "ಹಿಂದಿನ ಬಿಬಿಎಂಪಿಗೆ ಇಂಥ ದಿನ ಕೊಟ್ಟದ್ದು" ಎಂದು ಸೇರಿಸಿ, ಇಲ್ಲದಿದ್ದರೆ ನಿಮ್ಮ ಹಳೇ ಶ್ರಮವೆಲ್ಲ ಲೆಕ್ಕಕ್ಕೇ ಬರುವುದಿಲ್ಲ.

ಮೊದಲ ಫೋನು ಜಲಮಂಡಳಿಯ 1916ಕ್ಕೆ, ಇಲ್ಲವೇ ರಾಜ್ಯ ಸರ್ಕಾರದ ಜನಸ್ಪಂದನ 1902ಕ್ಕೆ ಮಾಡಬಹುದು. ದೂರಿನ ನಂಬರು ಬರೆದುಕೊಳ್ಳಿ. ಆದರೆ ಫೋನಿನ ಮೇಲೇ ನಿಲ್ಲಬೇಡಿ. ಕಾಗದದ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ಅಥವಾ ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆ ಸೀಲಿನ ದಿನಾಂಕ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಪತ್ರ ಎರಡು ಪುಟ ಮೀರದಿರಲಿ. ಮೊದಲ ಸಾಲು ಹೀಗಿರಲಿ: "ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಮಳೆ ಬಂದಿಲ್ಲ. ಆದರೂ ಕೆಳಗೆ ಹೇಳಿದ ನಾಲ್ಕು ಜಾಗಗಳಲ್ಲಿ ರಾಜಕಾಲುವೆಗೆ ಕೊಳಚೆ ಬೀಳುತ್ತಿದೆ." ಆಮೇಲೆ ಒಂದೊಂದು ಜಾಗಕ್ಕೂ ಅಕ್ಷಾಂಶ ರೇಖಾಂಶ, ಫೋಟೋ ನಂಬರು, ಸಮಯ. ಕೋಪ, ಆರೋಪ, ಯಾರು ಲಂಚ ತಿಂದರು ಎಂಬ ಅನುಮಾನ ಯಾವುದೂ ಬೇಡ. ಇಂಥವರೇ ಬಿಡುತ್ತಿದ್ದಾರೆ ಎಂದು ಖಾತ್ರಿ ಇಲ್ಲದಿದ್ದರೆ "ಇಂಥ ಕಟ್ಟಡದ ಕಾಂಪೌಂಡಿನ ಕಡೆಯಿಂದ ಬರುವ ಪೈಪು" ಎಂದಷ್ಟೇ ಬರೆಯಿರಿ. ನೋಡಿದ್ದನ್ನು ಬರೆಯಿರಿ, ಊಹಿಸಿದ್ದನ್ನು ಬೇಡ. ಮಾನನಷ್ಟದ ನೋಟಿಸಿನಿಂದ ನಿಮ್ಮನ್ನು ಕಾಪಾಡುವುದು ಇದೇ.

ಪೈಪು ಕಟ್ಟಿಕೊಂಡಿದೆ, ಬಿಡಿಸಿ ಎಂದು ಕೇಳುವಾಗ ಇನ್ನೊಂದು ಸಾಲು ಸೇರಿಸಲೇಬೇಕು: ಕೆಲಸ ಯಂತ್ರದಿಂದಲೇ ಆಗಲಿ. ರಕ್ಷಣಾ ಸಾಧನಗಳಿಲ್ಲದೆ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದು, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಕೆಲಸದಲ್ಲಿ ಆಗುವ ಸಾವಿಗೆ ಕೊಡಬೇಕಾದ ಪರಿಹಾರವನ್ನು 30 ಲಕ್ಷ ರೂಪಾಯಿಗೆ ಏರಿಸಿದೆ. ನಮ್ಮ ಕೆರೆ ಚೆನ್ನಾಗಿರಲಿ ಎಂದು ಕೊಟ್ಟ ದೂರಿಗೆ ಒಂದು ಜೀವ ಹೋಗಬಾರದು. ಯಾರಾದರೂ ಇಳಿಯುತ್ತಿರುವುದು ಕಂಡರೆ ಅಲ್ಲೇ ತಡೆಯಿರಿ.

ಸ್ಯಾಂಪಲ್ ವಿಷಯ

ಬಹಳ ಜನ ಬಾಟಲಿಯಲ್ಲಿ ನೀರು ತುಂಬಿಕೊಂಡು ಖಾಸಗಿ ಲ್ಯಾಬಿಗೆ ಓಡುತ್ತಾರೆ. ವರದಿ ಉಪಯೋಗಕ್ಕೆ ಬಾರದು ಅಂತಲ್ಲ, ಮಂಡಳಿಯನ್ನು ಎಬ್ಬಿಸಲು ಬೇಕು. ಆದರೆ ಕಾಯ್ದೆಯಡಿ ಶಿಕ್ಷೆಗೆ ಆಧಾರವಾಗುವುದು 21ನೇ ಕಲಮಿನ ಪ್ರಕಾರ ತೆಗೆದ ಸ್ಯಾಂಪಲ್. ಅಧಿಕಾರಿ ಜಾಗದವರಿಗೆ ಅಲ್ಲೇ ನೋಟಿಸು ಕೊಡಬೇಕು, ನೀರನ್ನು ಎರಡು ಭಾಗ ಮಾಡಬೇಕು, ಸೀಲು ಮಾಡಿ ಸಹಿ ಹಾಕಿಸಬೇಕು. ಇದರಲ್ಲಿ ಒಂದು ತಪ್ಪಿದರೂ ಕೋರ್ಟಿನಲ್ಲಿ ವರದಿ ಬಿದ್ದು ಹೋಗಬಹುದು. ಆದ್ದರಿಂದ ನಿಮ್ಮ ಪತ್ರದಲ್ಲಿ "21ನೇ ಕಲಮಿನಂತೆ, ಬೆಳಿಗ್ಗೆ 6ರಿಂದ 9ರೊಳಗೆ ಸ್ಯಾಂಪಲ್ ತೆಗೆಯಿರಿ" ಎಂದು ಕೇಳಿ. ಮಧ್ಯಾಹ್ನ ಮೂರಕ್ಕೆ ಬಂದರೆ ಅರ್ಧ ಕಥೆ ಹರಿದು ಹೋಗಿರುತ್ತದೆ.

ವರದಿ ಓದಲು ಇಷ್ಟು ಗೊತ್ತಿದ್ದರೆ ಸಾಕು. ಬಿಒಡಿ ಅಂದರೆ ನೀರಿನಲ್ಲಿರುವ ಹೊಲಸನ್ನು ಕೊಳೆಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ. ಅದು ಜಾಸ್ತಿ ಇದ್ದಷ್ಟೂ ಮೀನಿಗೆ ಉಸಿರು ಕಡಿಮೆ. ಒಳನಾಡಿನ ನೀರಿಗೆ ಬಿಡುವ ಕಾರ್ಖಾನೆ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ ಬಿಒಡಿ 30 ಮಿಲಿಗ್ರಾಂ, ಸಿಒಡಿ (ಹೊಲಸನ್ನು ರಾಸಾಯನಿಕವಾಗಿ ಒಡೆಯಲು ಬೇಕಾಗುವ ಆಮ್ಲಜನಕ) 250 ಮಿಲಿಗ್ರಾಂ, ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5ರಿಂದ 9. ಆದರೆ ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಅಂಕಿ ಹಾಕಿದ್ದರೆ ಅದೇ ಲೆಕ್ಕ. ಅದಕ್ಕೇ ಮೊದಲು ಆ ಪತ್ರದ ಪ್ರತಿ ಕೈಯಲ್ಲಿರಬೇಕು.

ಆ ಪ್ರತಿ ಸುಲಭಕ್ಕೆ ಸಿಗದಿದ್ದರೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. "ಮಾಲಿನ್ಯದ ಬಗ್ಗೆ ಎಲ್ಲ ಮಾಹಿತಿ" ಎಂದು ಕೇಳಿದರೆ ಏನೂ ಸಿಗುವುದಿಲ್ಲ. ಸಮ್ಮತಿ ಪತ್ರದ ಪ್ರತಿ, ಕಳೆದ ಎರಡು ವರ್ಷದ ಸ್ಯಾಂಪಲ್ ವರದಿಗಳು, ಕೊಟ್ಟ ನೋಟಿಸುಗಳು, ಇಷ್ಟು ಕೇಳಿ.

ಅರವತ್ತು ದಿನದ ನೋಟಿಸು

ಪತ್ರ ಕೊಟ್ಟು ತಿಂಗಳಾಯಿತು, ಏನೂ ಆಗಲಿಲ್ಲ. ಈಗ ಜಲ ಕಾಯ್ದೆಯ 49ನೇ ಕಲಮು. ಮಂಡಳಿಗೆ ಕನಿಷ್ಠ 60 ದಿನ ಮೊದಲು "ನಾನೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡುತ್ತೇನೆ" ಎಂದು ನೋಟಿಸು ಕೊಟ್ಟರೆ ಯಾವ ನಾಗರಿಕರಾದರೂ ನೇರವಾಗಿ ಕೋರ್ಟಿಗೆ ಹೋಗಬಹುದು. ಕೇಳಿದಾಗ ಮಂಡಳಿ ತನ್ನ ಬಳಿಯ ವರದಿಗಳನ್ನೂ ಕೊಡಬೇಕು. ನನ್ನ ಅನುಭವದಲ್ಲಿ ಈ ನೋಟಿಸು ಕೋರ್ಟಿನವರೆಗೂ ಹೋಗುವ ಅಗತ್ಯ ಬಹಳ ಸಲ ಬರುವುದಿಲ್ಲ. ಕಲಮಿನ ನಂಬರು ನೋಡಿದ ಕೂಡಲೇ ಫೈಲು ಮೇಜಿನ ಮೇಲಕ್ಕೆ ಬರುತ್ತದೆ.

ಇಲ್ಲಿ ಹೊಸ ಬದಲಾವಣೆಯೊಂದಿದೆ. 2024ರ ತಿದ್ದುಪಡಿ ಕಾಯ್ದೆ ಹಲವು ತಪ್ಪುಗಳಿಗೆ ಜೈಲು ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು, ಅದನ್ನು ವಿಧಿಸಲು ನ್ಯಾಯನಿರ್ಣಯ ಅಧಿಕಾರಿಯನ್ನು ನೇಮಿಸಲು ಅವಕಾಶ ಕೊಟ್ಟಿತು. ನೀರು ರಾಜ್ಯಗಳ ವಿಷಯವಾದ್ದರಿಂದ ಅದು ಮೊದಲು ಜಾರಿಗೆ ಬಂದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ಬೇರೆ ರಾಜ್ಯಕ್ಕೆ ಅನ್ವಯಿಸಬೇಕಾದರೆ ಆ ರಾಜ್ಯದ ಶಾಸಕಾಂಗ ನಿರ್ಣಯ ಮಾಡಬೇಕು. ನೋಟಿಸಿನಲ್ಲಿ ಶಿಕ್ಷೆಯ ಕಲಮು ಬರೆಯುವ ಮೊದಲು, ಅವತ್ತಿಗೆ ನಮ್ಮಲ್ಲಿ ನಡೆಯುತ್ತಿರುವುದು ಹಳೆಯದೋ ಹೊಸದೋ ಎಂದು ಮಂಡಳಿಯ ಕಾನೂನು ವಿಭಾಗದಲ್ಲಿ ಕೇಳಿಕೊಳ್ಳಿ. ನನ್ನ ಅಭಿಪ್ರಾಯ ಹೇಳುವುದಾದರೆ, ಜೈಲಿನ ಭಯ ಹೋಗಿದ್ದು ನನಗೆ ಹಿಡಿಸಲಿಲ್ಲ. ದೊಡ್ಡ ಘಟಕವೊಂದಕ್ಕೆ 15 ಲಕ್ಷ ಎಂದರೆ ಎಸ್‌ಟಿಪಿ ನಡೆಸುವ ಖರ್ಚಿಗಿಂತ ಕಡಿಮೆಯಾಗಿಬಿಡಬಹುದು. ಆದರೆ ಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆಯುವ ಕೇಸಿಗಿಂತ ಬೇಗ ಬೀಳುವ ದಂಡ ಮೇಲು ಎನ್ನುವವರ ಮಾತಿನಲ್ಲೂ ಹುರುಳಿದೆ.

ಎನ್‌ಜಿಟಿಗೆ ಹೋಗುವುದಾದರೆ

ನಮ್ಮದು ಚೆನ್ನೈನಲ್ಲಿರುವ ದಕ್ಷಿಣ ಪೀಠಕ್ಕೆ ಬರುತ್ತದೆ. ಅರ್ಜಿಯನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಹಣ ಕೇಳಿದರೆ ಅದರ ಶೇ. 1. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಿ.

ಎಲ್ಲಕ್ಕಿಂತ ಮುಖ್ಯ ಕಾಲಮಿತಿ. 2010ರ ಎನ್‌ಜಿಟಿ ಕಾಯ್ದೆಯ 14ನೇ ಕಲಮಿನಡಿ ಹೋದರೆ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ. ಸರಿಯಾದ ಕಾರಣ ತೋರಿಸಿದರೆ ಇನ್ನು 60 ದಿನ. ಅಷ್ಟೇ. ಆದರೆ 15ನೇ ಕಲಮಿನಡಿ, ಅಂದರೆ ಪರಿಹಾರ ಮತ್ತು ಕೆರೆಯನ್ನು ಮೊದಲಿನ ಸ್ಥಿತಿಗೆ ತರುವುದಕ್ಕೆ, ಐದು ವರ್ಷ ಇದೆ. ಸಮಸ್ಯೆ ಹಳೆಯದಾಗಿದ್ದರೆ ಹಳೆಯದು ಎಂದೇ ಹೇಳಿ, ಸುಳ್ಳು ದಿನಾಂಕ ಹಾಕಬೇಡಿ. ಅದರ ಜೊತೆಗೆ ಇತ್ತೀಚಿನ ಪ್ರತಿ ಘಟನೆಯನ್ನೂ ದಿನಾಂಕದೊಂದಿಗೆ ಬರೆದು, 15ನೇ ಕಲಮನ್ನೂ ಸೇರಿಸಿ. ನೋಟ್‌ಬುಕ್ಕು ಇಟ್ಟುಕೊಳ್ಳಿ ಎಂದಿದ್ದು ಇದಕ್ಕೇ.

ಅರ್ಜಿ ಹಾಕುವ ಶಕ್ತಿ ಇಲ್ಲದಿದ್ದರೆ ಪತ್ರ ಬರೆಯಬಹುದು. ಎನ್‌ಜಿಟಿ ತಾನಾಗಿಯೇ ಪ್ರಕರಣ ಎತ್ತಿಕೊಳ್ಳಬಹುದು ಎಂದು 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಪೀಠದವರು ಸಾಮಾನ್ಯವಾಗಿ ಮೊದಲು ಒಂದು ಜಂಟಿ ಸಮಿತಿ ಮಾಡಿ ವರದಿ ತರಿಸಿಕೊಳ್ಳುತ್ತಾರೆ. ಆ ಸಮಿತಿ ಬರುವ ದಿನ ನಿಮಗೂ ತಿಳಿಸಲಿ ಎಂದು ಅರ್ಜಿಯಲ್ಲೇ ಕೇಳಿ, ಅವರ ಜೊತೆ ನಡೆಯಿರಿ, ಆ ಒಡೆದ ಮ್ಯಾನ್‌ಹೋಲಿನ ಮುಂದೆ ನಿಲ್ಲಿಸಿ. ಬೆಳ್ಳಂದೂರಿನ ನೊರೆ ಮತ್ತು ಬೆಂಕಿ ನೋಡಿದವರಿಗೆ ಗೊತ್ತು, 2018ರ ಡಿಸೆಂಬರ್‌ನಲ್ಲಿ ಎನ್‌ಜಿಟಿ ಆ ಕೆರೆಗಾಗಿ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ಎತ್ತಿಡಬೇಕು ಎಂದಿತು. ಆದೇಶದಲ್ಲಿ ದೊಡ್ಡ ಮೊತ್ತ ಬರುವುದು ಸಾಧ್ಯ. ಆದರೆ ನಿಮ್ಮ ನಾಲ್ಕು ಬಾಯಿ ಮುಚ್ಚುವುದು ಸಮಿತಿಯ ವರದಿಯಲ್ಲಿ ಆ ನಾಲ್ಕೂ ದಾಖಲಾದರೆ ಮಾತ್ರ.

ಸಣ್ಣ ವಿಷಯಕ್ಕೆ ಚೆನ್ನೈಯೇ ಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ (ಹಳೆಯ ಸಿಆರ್‌ಪಿಸಿಯ 133), ಉಪವಿಭಾಗಾಧಿಕಾರಿಗೆ ಸಾರ್ವಜನಿಕ ತೊಂದರೆ ನಿವಾರಿಸುವಂತೆ ಆದೇಶ ಕೊಡುವ ಅಧಿಕಾರ ಇದೆ. ರತ್ಲಾಂನಲ್ಲಿ ನಡೆದದ್ದೂ ಆ ಹಳೆಯ ಕಲಮಿನಡಿಯೇ. ಖಾಯಂ ಲೋಕ ಅದಾಲತ್ತಿಗೂ ಚರಂಡಿ, ನೈರ್ಮಲ್ಯ ವ್ಯವಸ್ಥೆಯ ದೂರು ತೆಗೆದುಕೊಂಡು ಹೋಗಬಹುದು, ಕೋರ್ಟು ಫೀಸಿಲ್ಲ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿ.

ಮಳೆ ಬಂದಾಗ ಕಥೆ ಬೇರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಒಣ ದಿನದ ಮಾತು. ಮಳೆ ಬಂದಾಗ ರಸ್ತೆಯ ಎಣ್ಣೆ, ಕಟ್ಟಡದ ಸಿಮೆಂಟು ಕೆಸರು, ಕಸ, ಎಲ್ಲ ಒಟ್ಟಿಗೆ ಕೆರೆಗೆ ಹೋಗುತ್ತವೆ. ಕಾನೂನು ಬಹಳ ತೆಳ್ಳಗಿರುವುದು ಇಲ್ಲೇ. ನಮ್ಮ ಸಮ್ಮತಿ ವ್ಯವಸ್ಥೆ ಪೈಪಿನ ಬಾಯಿ ಲೆಕ್ಕ ಮಾಡುತ್ತದೆ. ರಸ್ತೆಯಗಲಕ್ಕೂ ತೊಳೆದು ಬರುವ ನೀರಿಗೆ ಬಾಯಿಯೇ ಇಲ್ಲ. ಮಳೆನೀರಿನ ಹೊಲಸಿಗೆಂದೇ ಬೇರೆ ಕಾಯ್ದೆ ನಮ್ಮಲ್ಲಿಲ್ಲ, ಇರಬೇಕಿತ್ತು.

ಹಾಗಾದರೆ ಏನು ಮಾಡಬಹುದು? ಗುರುತು ಸಿಗುವ ಮೂಲಗಳನ್ನು ಹಿಡಿಯಿರಿ. 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡಕ್ಕೆ 2006ರ ಅಧಿಸೂಚನೆಯ ಪ್ರಕಾರ ಪರಿಸರ ಅನುಮತಿ ಬೇಕು. ಆ ಅನುಮತಿ ಪತ್ರದಲ್ಲಿ ಮಳೆನೀರು, ಮಣ್ಣು, ಹೂಳಿನ ಬಗ್ಗೆ ಷರತ್ತುಗಳಿರುತ್ತವೆ. ಅದನ್ನು ತೆಗೆದು ಓದಿ, ಕೆಸರು ನೀರು ಕಾಲುವೆಗೆ ಬರುತ್ತಿರುವ ವಿಡಿಯೋದ ಪಕ್ಕದಲ್ಲಿಡಿ. ಕಸವನ್ನು ಚರಂಡಿಗೆ ಎಸೆಯುವುದನ್ನು ಘನತ್ಯಾಜ್ಯ ನಿಯಮಗಳು ತಡೆಯುತ್ತವೆ, ಪಾಲಿಕೆ ದಂಡ ಹಾಕಬಹುದು.

ಮತ್ತೆ ನಮ್ಮ ಮನೆಯದನ್ನೂ ನೋಡಿಕೊಳ್ಳಬೇಕು. ಮಹಡಿಯ ಮಳೆನೀರಿನ ಪೈಪನ್ನು ಬಹಳ ಮನೆಗಳಲ್ಲಿ ಯುಜಿಡಿಗೇ ಸೇರಿಸಿರುತ್ತಾರೆ. ಜೋರು ಮಳೆಗೆ ಕೊಳಚೆ ಲೈನು ತುಂಬಿ ಮ್ಯಾನ್‌ಹೋಲಿನ ಮುಚ್ಚಳ ಎದ್ದು, ಹೊಲಸು ರಸ್ತೆಗೆ, ರಸ್ತೆಯಿಂದ ಕಾಲುವೆಗೆ ಹೋಗುತ್ತದೆ. ಕೊಳಚೆ ಮಳೆನೀರಿನ ದಾರಿಗೆ, ಮಳೆನೀರು ಕೊಳಚೆಯ ದಾರಿಗೆ, ಎರಡೂ ಅದಲುಬದಲು. ನಿಮ್ಮ ಬೀದಿಯಲ್ಲಿ ದೂರಿಗೆ ಸಹಿ ಹಾಕುವ ಮನೆಗಳು ಮೊದಲು ತಮ್ಮ ಪೈಪು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಳ್ಳಲಿ. ನಾವು ಹಾಗೆ ನೋಡಿದಾಗ ಸಹಿ ಹಾಕಿದ ಮೂವತ್ತೊಂದು ಮನೆಗಳಲ್ಲಿ ಒಂಬತ್ತು ಮನೆಯದು ತಪ್ಪು ದಾರಿಯಲ್ಲಿತ್ತು. ಸರಿ ಮಾಡಿಸಿದ ಮೇಲೇ ಪತ್ರ ಕಳಿಸಿದೆವು.

ಆದೇಶ ಬಂದ ಮೇಲೆ

ಆದೇಶದ ಪ್ರಮಾಣಿತ ಪ್ರತಿಯನ್ನು ಎಲ್ಲ ಕಚೇರಿಗೂ ನೀವೇ ತಲುಪಿಸಿ, ಸೀಲು ತೆಗೆದುಕೊಳ್ಳಿ. ಯಾವ ಕೆಲಸ ಯಾವ ದಿನಕ್ಕೆ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ದಿನ ಮೀರಿದರೆ ಅದೇ ಪೀಠಕ್ಕೆ ಜಾರಿ ಅರ್ಜಿ ಹಾಕಬಹುದು. ಎನ್‌ಜಿಟಿ ಆದೇಶ ಸಿವಿಲ್ ಕೋರ್ಟಿನ ಡಿಕ್ರಿಯಂತೆ ಜಾರಿಯಾಗುತ್ತದೆ, ಪಾಲಿಸದಿದ್ದರೆ ಮೂರು ವರ್ಷದವರೆಗೆ ಜೈಲು ಅಥವಾ 10 ಕೋಟಿವರೆಗೆ ದಂಡ ಇದೆ.

ನಮ್ಮ ಮ್ಯಾನ್‌ಹೋಲಿನ ತೂತನ್ನು ಮುಚ್ಚಿದರು. ನಾಲ್ಕು ತಿಂಗಳ ನಂತರ ಅದರ ಪಕ್ಕದಲ್ಲೇ ಇನ್ನೊಂದು ಒಡೆದಿತ್ತು, ಯಾಕೆಂದರೆ ಕೆಳಗಿನ ಲೈನು ಕಟ್ಟಿಕೊಂಡಿದ್ದು ಹಾಗೇ ಇತ್ತು. ಎರಡನೇ ಸಲ ಹೊಸದಾಗಿ ದೂರು ಬರೆಯಲಿಲ್ಲ. ಹಳೇ ಪತ್ರದ ನಂಬರಿಗೆ ಎರಡು ಫೋಟೋ ಸೇರಿಸಿ, ತೂತಿನ ಬದಲು ಲೈನು ಬದಲಾಯಿಸಿ ಎಂದು ಕೇಳಿದೆವು. ಆ ಕೆಲಸ ಆಯಿತು. ಈಗಲೂ ತಿಂಗಳಿಗೊಮ್ಮೆ, ಮಳೆ ನಿಂತು ವಾರ ಕಳೆದ ಒಂದು ಬೆಳಿಗ್ಗೆ ಏಳಕ್ಕೆ, ಅದೇ ಸೇತುವೆಯ ಅದೇ ಕಂಬದ ಪಕ್ಕ ನಿಂತು ಒಂದು ಫೋಟೋ ತೆಗೆದು ಅದೇ ಫೈಲಿಗೆ ಹಾಕುತ್ತೇವೆ. ನೀವೂ ಒಂದು ಜಾಗ ಗೊತ್ತು ಮಾಡಿಕೊಳ್ಳಿ.